ಹದಿಹರೆಯದಲ್ಲಿ ಚರ್ಮದ ಆರೈಕೆ ಮತ್ತು ವೈಯಕ್ತಿಕ ನೈರ್ಮಲ್ಯ

ಹದಿಹರೆಯದ ಚರ್ಮದ ಆರೈಕೆ ಮತ್ತು ವೈಯಕ್ತಿಕ ನೈರ್ಮಲ್ಯವು ಬಾಲ್ಯದಿಂದ ಪ್ರೌಢಾವಸ್ಥೆಗೆ ಕಾಲಿಡುವ ವಯಸ್ಸಿನಲ್ಲಿ ಚರ್ಮ, ಕೂದಲು ಮತ್ತು ಜನನಾಂಗಗಳ ಸ್ವಚ್ಛತೆಗಾಗಿ ರೂಢಿಸಿಕೊಳ್ಳಬೇಕಾದ ದಿನನಿತ್ಯದ ಅಭ್ಯಾಸಗಳನ್ನು ಒಳಗೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಪರಿಗಣಿಸುತ್ತದೆ. ಈ ಅವಧಿಯಲ್ಲಿ ಕಾಣಿಸಿಕೊಳ್ಳುವ ಮೊಡವೆ, ಬೆವರಿನ ವಾಸನೆ ಮತ್ತು ಮುಟ್ಟು ದೇಹದ ಸಹಜ ಬೆಳವಣಿಗೆಗೆ ಸಂಬಂಧಿಸಿದವು. ಆದರೆ ಇವುಗಳ ಬಗೆಗಿನ ಸಂಕೋಚದಿಂದ ಮಕ್ಕಳು ತಿಳಿದವರನ್ನು ಕೇಳದೆ ಅಂಗಡಿಯ ಮುಲಾಮು ಹಚ್ಚುವುದು, ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣದಂತೆ ಕತ್ತಲಲ್ಲಿ ಒಣಗಿಸುವುದು ಮೊದಲಾದ ಹಾನಿಕರ ರೂಢಿಗಳು ಉಳಿದುಕೊಂಡಿವೆ.

ದೇಹದಲ್ಲಾಗುವ ಬದಲಾವಣೆಗಳು

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಈ ಬದಲಾವಣೆಗಳು ಆರಂಭವಾಗುತ್ತವೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಹಾರ್ಮೋನುಗಳು ಅಂಡಾಶಯ ಮತ್ತು ವೃಷಣಗಳನ್ನು ಪ್ರಚೋದಿಸುತ್ತವೆ. ಗಂಡು, ಹೆಣ್ಣು ಇಬ್ಬರಲ್ಲಿಯೂ ಹೆಚ್ಚುವ ಆಂಡ್ರೋಜನ್ ಹಾರ್ಮೋನುಗಳಿಂದ ಚರ್ಮದ ತೈಲಗ್ರಂಥಿಗಳು ಚುರುಕಾಗುತ್ತವೆ. ಕಂಕುಳು ಮತ್ತು ತೊಡೆಸಂದಿಯಲ್ಲಿ ಕೂದಲು ಬೆಳೆಯುತ್ತದೆ. ಅಲ್ಲಿನ ವಿಶೇಷ ಬೆವರು ಗ್ರಂಥಿಗಳೂ ಕೆಲಸ ಆರಂಭಿಸುತ್ತವೆ. ಈ ಗ್ರಂಥಿಗಳ ಬೆವರಿಗೆ ಮೊದಲಿಗೆ ಅಷ್ಟಾಗಿ ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ವಿಭಜಿಸಿದಾಗ ವಾಸನೆ ಹುಟ್ಟುತ್ತದೆ.

ಮೊಡವೆ

ತೈಲಗ್ರಂಥಿಯ ಜಿಡ್ಡು ಮತ್ತು ಸತ್ತ ಚರ್ಮಕೋಶಗಳು ಕೂದಲಿನ ರಂಧ್ರದಲ್ಲಿ ಸಿಕ್ಕಿಕೊಂಡಾಗ ಕಪ್ಪು ಅಥವಾ ಬಿಳಿ ತಲೆಯ ಗುಳ್ಳೆಗಳು ಉಂಟಾಗುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ ಉರಿಯೂತ ಉಂಟಾದರೆ ಅವು ಕೆಂಪಾದ, ಕೀವು ತುಂಬಿದ ಮೊಡವೆಗಳಾಗುತ್ತವೆ. ಮುಖ, ಎದೆ ಮತ್ತು ಬೆನ್ನಿನಲ್ಲಿ ತೈಲಗ್ರಂಥಿಗಳು ಹೆಚ್ಚಾಗಿರುವುದರಿಂದ ಮೊಡವೆಗಳೂ ಅಲ್ಲಿಯೇ ಹೆಚ್ಚು. ಹದಿಹರೆಯದ ಬಹುಪಾಲು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಇದನ್ನು ಅನುಭವಿಸುತ್ತಾರೆ.

ಮುಖ ತೊಳೆಯದ ಕಾರಣಕ್ಕೆ ಮೊಡವೆ ಬರುತ್ತದೆ ಎಂಬ ನಂಬಿಕೆ ತಪ್ಪು. ದಿನಕ್ಕೆ ಎರಡು ಬಾರಿ, ಹೆಚ್ಚು ಬೆವರಿದಾಗ ಮತ್ತೊಮ್ಮೆ, ಸೌಮ್ಯವಾದ ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ಮುಖ ತೊಳೆದರೆ ಸಾಕು. ಪದೇಪದೇ ಉಜ್ಜಿದರೆ ಚರ್ಮ ಒಣಗಿ ಉರಿಯೂತ ಹೆಚ್ಚುತ್ತದೆ. ಗುಳ್ಳೆಗಳನ್ನು ಹಿಸುಕುವುದರಿಂದ ಶಾಶ್ವತ ಕಲೆ ಉಳಿಯಬಹುದು. ನಿಂಬೆರಸ, ಹಲ್ಲುಜ್ಜುವ ಪೇಸ್ಟ್ ಮೊದಲಾದವನ್ನು ಮುಖಕ್ಕೆ ಹಚ್ಚುವುದೂ ಸರಿಯಲ್ಲ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಗುಲಿದರೆ ಸುಟ್ಟಂತೆ ಕಪ್ಪಾಗುವುದುಂಟು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುವುದರಿಂದಲೂ ಹಣೆಯ ಅಂಚಿನಲ್ಲಿ ಗುಳ್ಳೆಗಳೇಳುತ್ತವೆ. ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ಔಷಧಗಳನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಇವುಗಳ ಪರಿಣಾಮ ಕಾಣಲು 6ರಿಂದ 8 ವಾರಗಳಾದರೂ ಬೇಕಾಗುತ್ತವೆ.

ಬಿಳುಪಿನ ಕ್ರೀಮು ಮತ್ತು ಸ್ಟೀರಾಯ್ಡ್ ಮುಲಾಮು

ಚರ್ಮದ ಬಣ್ಣವನ್ನು ಮೆಲನಿನ್ ಎಂಬ ವರ್ಣದ್ರವ್ಯ ನಿರ್ಧರಿಸುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಅದು ಚರ್ಮವನ್ನು ರಕ್ಷಿಸುತ್ತದೆ. ಬಿಳುಪೇ ಸೌಂದರ್ಯವೆಂಬ ಭಾವನೆಯನ್ನು ಜಾಹೀರಾತುಗಳು ದೀರ್ಘಕಾಲ ಬೆಳೆಸಿದವು. ಭಾರತದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಹೆಸರು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು.

ಹೆಚ್ಚಿನ ಅಪಾಯವಿರುವುದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಮುಲಾಮುಗಳಲ್ಲಿ. ಹಚ್ಚಿದ ಕೆಲವೇ ದಿನಗಳಲ್ಲಿ ಮುಖ ತಿಳಿಯಾದಂತೆಯೂ ಮೊಡವೆ ಅಡಗಿದಂತೆಯೂ ತೋರುತ್ತದೆ. ಮುಂದುವರಿಸಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಂಡು, ಅನಗತ್ಯ ರೋಮ ಬೆಳೆಯುತ್ತದೆ. ನಿಲ್ಲಿಸಿದೊಡನೆ ಉರಿ ಮತ್ತು ಮೊಡವೆ ಇಮ್ಮಡಿಯಾಗುವುದರಿಂದ ಬಳಸುವವರು ಮತ್ತೆ ಅದನ್ನೇ ಆಶ್ರಯಿಸುತ್ತಾರೆ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಈಗಾಗಲೇ ಬಳಸುತ್ತಿರುವವರು ಅದನ್ನು ನಿಲ್ಲಿಸುವ ಕ್ರಮವನ್ನು ಚರ್ಮರೋಗ ತಜ್ಞರಿಂದ ತಿಳಿಯುವುದು ಒಳಿತು.

ಬೆವರು, ಬಟ್ಟೆ ಮತ್ತು ಹುಳುಕಡ್ಡಿ

ಭತ್ತ, ಕಬ್ಬಿನ ಗದ್ದೆಗಳಿರುವ ಕಿರುಗಾವಲು, ಮಳವಳ್ಳಿ, ಮದ್ದೂರು ಭಾಗದಂತಹ ಪ್ರದೇಶಗಳಲ್ಲಿ ಮಕ್ಕಳು ಶಾಲೆಯ ಆಟದ ಜೊತೆಗೆ ಹೊಲಗದ್ದೆಯ ಕೆಲಸದಲ್ಲಿಯೂ ಬೆವರುತ್ತಾರೆ. ದಿನಕ್ಕೊಮ್ಮೆ ಸ್ನಾನ ಮಾಡಿ, ಕಂಕುಳು, ತೊಡೆಸಂದಿ ಹಾಗೂ ಕಾಲ್ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳಬೇಕು. ಒಳಉಡುಪು ಹತ್ತಿಯದಾಗಿದ್ದು ಪ್ರತಿದಿನ ಬದಲಾಗಬೇಕು. ಗಂಡುಮಕ್ಕಳು ಶಿಶ್ನದ ಮುಂದೊಗಲನ್ನು ಬಲವಂತವಿಲ್ಲದೆ ಸರಿಯುವಷ್ಟು ಮಾತ್ರ ಸರಿಸಿ ನೀರಿನಿಂದ ತೊಳೆಯಬೇಕು.

ಒದ್ದೆಯಾದ ಸಂದುಗಳಲ್ಲಿ ಶಿಲೀಂಧ್ರ ಬೆಳೆದು ಹುಳುಕಡ್ಡಿ ಕಾಣಿಸಿಕೊಳ್ಳುತ್ತದೆ. ಉಂಗುರದಾಕಾರದ, ಅಂಚು ಕೆಂಪಾದ, ತುರಿಸುವ ಮಚ್ಚೆ ಇದರ ಲಕ್ಷಣ. ಟವೆಲ್ ಮತ್ತು ಬಟ್ಟೆಗಳನ್ನು ಹಂಚಿಕೊಳ್ಳುವುದರಿಂದ ಇದು ಮನೆಯವರಿಗೂ ವಿದ್ಯಾರ್ಥಿನಿಲಯದ ಸಹವಾಸಿಗಳಿಗೂ ಹರಡುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಗ್ಗಿಸಿದರೂ ಶಿಲೀಂಧ್ರ ಒಳಗೇ ಹಬ್ಬುತ್ತದೆ.

ಮುಟ್ಟಿನ ನೈರ್ಮಲ್ಯ

ಹೆಚ್ಚಿನ ಹೆಣ್ಣುಮಕ್ಕಳು 10ರಿಂದ 15 ವರ್ಷದೊಳಗೆ ಋತುಮತಿಯರಾಗುತ್ತಾರೆ. ಮೊದಲ ಕೆಲವು ವರ್ಷಗಳಲ್ಲಿ ಋತುಚಕ್ರ 21ರಿಂದ 45 ದಿನಗಳವರೆಗೆ ಏರುಪೇರಾಗುವುದು ಸಹಜ. ಸ್ರಾವವು ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಾಯಿಸಿ, ಮುಂಚೆ ಮತ್ತು ನಂತರ ಕೈ ತೊಳೆಯಬೇಕು. ಜನನಾಂಗದ ಹೊರಭಾಗವನ್ನು ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಒಳಭಾಗಕ್ಕೆ ಸಾಬೂನು ಬಳಸಬಾರದು.

ಹತ್ತಿ ಬಟ್ಟೆಯ ಬಳಕೆ ತಪ್ಪಲ್ಲ. ಅದನ್ನು ಸಾಬೂನಿನಿಂದ ಒಗೆದು ನೇರ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ನಾಚಿಕೆಯಿಂದ ಹಾಸಿಗೆಯಡಿ ಅಥವಾ ಇತರ ಬಟ್ಟೆಗಳ ಕೆಳಗೆ ಒಣಗಿಸಿದ ಬಟ್ಟೆಯಲ್ಲಿ ತೇವ ಉಳಿದು ರೋಗಾಣುಗಳು ಬೆಳೆಯುತ್ತವೆ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕೇ ಹೊರತು ಶೌಚಾಲಯದ ಗುಂಡಿಗಾಗಲಿ ಕಾಲುವೆಗಾಗಲಿ ಎಸೆಯಬಾರದು.

ಸಾಂಪ್ರದಾಯಿಕ ಆಚರಣೆ

ಹಳೆಯ ಮೈಸೂರು ಸೀಮೆಯಲ್ಲಿ ಹೆಣ್ಣುಮಗಳು ಮೈನೆರೆದಾಗ ಒಸಗೆ ಮಾಡುವ ರೂಢಿಯಿದೆ. ಹಲವು ಸಮುದಾಯಗಳಲ್ಲಿ ಸೋದರಮಾವ ಹಸಿರು ಸೊಪ್ಪು ತಂದು ಗುಡಿಸಲು ಕಟ್ಟುತ್ತಾನೆ. ಹೆಂಗಸರು ಆರತಿ ಬೆಳಗಿ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸುತ್ತಾರೆ. ಬೆಳೆಯುವ ದೇಹಕ್ಕೆ ಪೌಷ್ಟಿಕ ಆಹಾರ ಒದಗಿಸುವ ಈ ಭಾಗ ಉಪಯುಕ್ತವಾದುದು. ಆದರೆ ಮುಟ್ಟಿನ ದಿನಗಳಲ್ಲಿ ಸ್ನಾನ ನಿಷೇಧಿಸುವುದು, ಶೌಚಾಲಯ ಮತ್ತು ನೀರಿನ ಸೌಲಭ್ಯವಿಲ್ಲದೆಡೆ ಪ್ರತ್ಯೇಕವಾಗಿರಿಸುವುದು, ಶಾಲೆ ಬಿಡಿಸುವುದು ಆರೋಗ್ಯಕ್ಕೂ ವಿದ್ಯಾಭ್ಯಾಸಕ್ಕೂ ಹಾನಿಕರ.

ಮಾಹಿತಿ ಮತ್ತು ಸರ್ಕಾರಿ ಸೌಲಭ್ಯಗಳು

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು ಆರೋಗ್ಯ ವಿಷಯಗಳನ್ನು ಸರಳ ಕನ್ನಡದಲ್ಲಿ ಬರೆದವರಲ್ಲಿ ಪ್ರಮುಖರು. ಅವರ ‘ಕೇಳು ಕಿಶೋರಿ’ ಹದಿಹರೆಯದ ಹುಡುಗಿಯರಿಗಾಗಿ ಬರೆದ ಕೃತಿ. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯ ‘ಶುಚಿ’ ಯೋಜನೆಯು ಶಾಲಾ ಹೆಣ್ಣುಮಕ್ಕಳಿಗೆ ಉಚಿತ ಸ್ಯಾನಿಟರಿ ಪ್ಯಾಡ್ ನೀಡುವ ಉದ್ದೇಶದ್ದು. ಕೋವಿಡ್ ಕಾಲದಲ್ಲಿ ಸ್ಥಗಿತಗೊಂಡಿದ್ದ ಇದು 2024ರಲ್ಲಿ ಮತ್ತೆ ಆರಂಭವಾಯಿತು. ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಸ್ಯಾನಿಟರಿ ಪ್ಯಾಡ್‌ಗಳನ್ನು ಜಿಎಸ್‌ಟಿಯಿಂದ ಮುಕ್ತಗೊಳಿಸಿತು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳು ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಆಪ್ತಸಮಾಲೋಚನೆ ನೀಡುತ್ತವೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಗಂಟುಕಟ್ಟುವ, ನೋವಿನ ಅಥವಾ ಕಲೆ ಉಳಿಸುವ ಮೊಡವೆ, ಹರಡುತ್ತಿರುವ ಹುಳುಕಡ್ಡಿ, ದುರ್ವಾಸನೆ, ತುರಿಕೆಯಿಂದ ಕೂಡಿದ ಬಿಳಿಸ್ರಾವ, 7 ದಿನಕ್ಕೂ ಮೀರಿದ ಅಥವಾ ಗಂಟೆಗೊಂದು ಪ್ಯಾಡ್ ಬೇಕಾಗುವಷ್ಟು ರಕ್ತಸ್ರಾವ, 15 ವರ್ಷವಾದರೂ ಮುಟ್ಟಾಗದಿರುವುದು, ಮೊಡವೆಯ ಕಾರಣದಿಂದ ಮಗು ಶಾಲೆಗೆ ಹೋಗಲು ಅಥವಾ ಜನರೊಡನೆ ಬೆರೆಯಲು ಹಿಂಜರಿಯುವುದು — ಇಂತಹ ಸಂದರ್ಭಗಳಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಕಿರುಗಾವಲು ಸುತ್ತಲಿನವರಿಗೆ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯೂ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೂ ಸಮೀಪದ ಸರ್ಕಾರಿ ಚಿಕಿತ್ಸಾ ಕೇಂದ್ರಗಳಾಗಿವೆ.