ಅರ್ಧ ಇಳಿದ ಕಡತದ ಅಪಾಯ ಮತ್ತು ಒಂದು ಶೆಲ್ ಫಂಕ್ಷನ್

ಜಾಲತಾಣದ ದತ್ತಾಂಶದ ಪ್ರತಿಯನ್ನು ದಿನವೂ ದೂರದ ಸರ್ವರ್‌ನಿಂದ ತಮ್ಮ ಗಣಕಕ್ಕೆ ಇಳಿಸಿಕೊಳ್ಳುವವರು ಹಲವರಿದ್ದಾರೆ. ನಡುವೆ ಸಂಪರ್ಕ ಕಡಿದರೆ ಏನಾಗುತ್ತದೆ? ಎಸ್‌ಸಿಪಿ ಆಜ್ಞೆ ಬಳಸಿದ್ದರೆ ಅರ್ಧ ಇಳಿದ ಕಡತವೇ ಪೂರ್ಣ ಕಡತದ ಹೆಸರು ಹೊತ್ತು ಕುಳಿತಿರುತ್ತದೆ. ಸರ್ವರ್ ಕೆಟ್ಟು ಆ ಪ್ರತಿಯನ್ನು ತೆರೆಯಬೇಕಾಗಿ ಬಂದ ದಿನವಷ್ಟೇ ಅದರ ಕೊರತೆ ಗೊತ್ತಾಗುವುದು.

ಹಲವು ಆಜ್ಞೆಗಳನ್ನು ಒಂದೇ ಹೆಸರಿನಡಿ ಕಟ್ಟಿಡುವುದೇ ಫಂಕ್ಷನ್. ಗ್ನು ಯೋಜನೆಗಾಗಿ ಬ್ರಿಯಾನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ಬ್ಯಾಶ್ ಶೆಲ್‌ನಲ್ಲಿ ಇದನ್ನು ಬರೆಯುವುದು ಸುಲಭ. ಹೆಸರು, ಅದರ ಮುಂದೆ ಖಾಲಿ ದುಂಡಾವರಣ, ಬಳಿಕ ಪುಷ್ಪಾವರಣದೊಳಗೆ ಆಜ್ಞೆಗಳು. ಬಳಕೆದಾರರು ಕೊಟ್ಟ ಕಡತದ ಹೆಸರು ಡಾಲರ್ ಚಿಹ್ನೆ ಮತ್ತು 1 ಅಂಕಿಯ ರೂಪದಲ್ಲಿ ಒಳಗೆ ಸಿಗುತ್ತದೆ. ಅದನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆಯೇ ಬರೆಯಬೇಕು; ಇಲ್ಲವಾದರೆ ನಡುವೆ ತೆರಪಿರುವ ಒಂದು ಹೆಸರನ್ನು ಶೆಲ್ ಎರಡೆಂದು ಭಾವಿಸುತ್ತದೆ.

ಇಳಿಸುವ ಕೆಲಸಕ್ಕೆ 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ರೂಪಿಸಿದ ಆರ್‌ಸಿಂಕ್ ಮೇಲು. ಅದು ಎರಡೂ ಗಣಕಗಳಲ್ಲಿ ಇರಬೇಕು. ಅದರ ಪಾರ್ಷಿಯಲ್-ಡಿರ್ ಆಯ್ಕೆಯು ಅಪೂರ್ಣ ಭಾಗವನ್ನು ಬೇರೊಂದು ಕೋಶದಲ್ಲಿ ಇರಿಸುತ್ತದೆ. ಮರುಯತ್ನದಲ್ಲಿ ಆ ಭಾಗವನ್ನೇ ಬಳಸಿಕೊಳ್ಳುವುದರಿಂದ ಇಳಿದದ್ದು ವ್ಯರ್ಥವಾಗುವುದಿಲ್ಲ. ಕಡತಕ್ಕೆ ನಿಜವಾದ ಹೆಸರು ದೊರೆಯುವುದು ಅದು ಪೂರ್ಣಗೊಂಡ ಮೇಲೆಯೇ.

ಯಶಸ್ವಿಯಾದರೆ ಆರ್‌ಸಿಂಕ್ ಸೊನ್ನೆಯನ್ನೂ ವಿಫಲವಾದರೆ ಬೇರೊಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ. ಸೊನ್ನೆ ಬರುವವರೆಗೆ, 30 ಸೆಕೆಂಡುಗಳ ವಿರಾಮ ಕೊಟ್ಟು ಮತ್ತೆ ಯತ್ನಿಸುವಂತೆ ಫಂಕ್ಷನ್‌ನಲ್ಲಿ ಫಾರ್ ಆವರ್ತನೆ ಬರೆಯಬಹುದು. ಆದರೆ ಐದು ಯತ್ನಗಳ ಮಿತಿ ಇರಲಿ. ಕಡತವೇ ಇಲ್ಲದಿದ್ದರೆ ಬರುವ ಸಂಖ್ಯೆ 23. ಅಂಥ ಸಂದರ್ಭದಲ್ಲಿ ರಾತ್ರಿಯಿಡೀ ಬಾಗಿಲು ತಟ್ಟಿ ಫಲವಿಲ್ಲ. ಐದೂ ಸೋತರೆ ಫಂಕ್ಷನ್ ಸಹ ಸೊನ್ನೆಯಲ್ಲದ ಸಂಖ್ಯೆಯನ್ನೇ ಹಿಂದಿರುಗಿಸಬೇಕು. ಈ ಕೊನೆಯ ಸಾಲನ್ನು ಬಿಟ್ಟುಬಿಡುವುದುಂಟು. ಆಗ ಸೋಲು ಸೋಲೆಂದು ಯಾರಿಗೂ ತಿಳಿಯುವುದಿಲ್ಲ.

ಫಂಕ್ಷನ್ ಅನ್ನು ಬ್ಯಾಶ್‌ಆರ್‌ಸಿ ಕಡತದಲ್ಲಿ ಬರೆದಿಟ್ಟರೆ ಟರ್ಮಿನಲ್ ತೆರೆದಾಗಲೆಲ್ಲ ಲಭ್ಯ. ಆದರೆ ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್ ಆ ಕಡತವನ್ನು ಓದುವುದಿಲ್ಲ. ರಾತ್ರಿ ತಾನಾಗಿಯೇ ನಡೆಯಬೇಕಾದರೆ ಪ್ರತ್ಯೇಕ ಸ್ಕ್ರಿಪ್ಟ್ ಅಗತ್ಯ. ಗುಪ್ತಪದ ಕೇಳಿದರೆ ಉತ್ತರಿಸಲು ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಎಸ್‌ಎಸ್‌ಎಚ್ ಕೀಲಿಯೂ ಸಿದ್ಧವಿರಬೇಕು.

ಸರ್ವರ್‌ನಲ್ಲಿ ಪ್ರತಿ ಇನ್ನೂ ತಯಾರಾಗುತ್ತಿರುವಾಗಲೇ ಇಳಿಸಲು ಹೊರಟರೆ ಮಾತ್ರ ಆರ್‌ಸಿಂಕ್ ಕೂಡ ಅಸಹಾಯಕ; ಇದ್ದಷ್ಟನ್ನೇ ತರುತ್ತದೆ. ಅಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪ್ರತಿ ತಯಾರಿಸಿ, ಮುಗಿದ ಬಳಿಕ ಹೆಸರು ಬದಲಿಸುವ ಕ್ರಮವಿದ್ದರೆ ಈ ತೊಡಕೂ ಇರದು.