ಬೆಲೆ ಹೇಳಿ, ಬಹುಮಾನ ಗೆಲ್ಲಿ



ಸಂತೆಯಿಂದ ಮನೆಗೆ ಬಂದ ಕೂಡಲೇ ಏನು ಕೇಳುತ್ತಾರೆ? “ಇದಕ್ಕ ಎಷ್ಟು ಕೊಟ್ಟಿ?” ಅಂತ ಕೇಳುತ್ತಾರೆ. ಇದೇ ಮಾತನ್ನು ಆಟ ಮಾಡಿ ಟಿ.ವಿ.ಯಲ್ಲಿ ತೋರಿಸುತ್ತಾರೆ. ಅದು ಬೆಲೆ ಊಹಿಸುವ ಆಟ.

ಅಮೆರಿಕ ದೇಶದಲ್ಲಿ ಈ ಆಟಕ್ಕೆ ದೊಡ್ಡ ಹೆಸರಿದೆ. ಅಲ್ಲಿ ಇದನ್ನು ‘ದಿ ಪ್ರೈಸ್ ಈಸ್ ರೈಟ್’ ಎನ್ನುತ್ತಾರೆ. ಅಂದರೆ ‘ಬೆಲೆ ಸರಿಯಾಗಿದೆ’. ಇದು 1956ರಲ್ಲಿ ಶುರುವಾಯಿತು. ನಡುವೆ ಕೆಲವು ವರ್ಷ ನಿಂತಿತು. 1972ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಈಗಲೂ ನಡೆದಿದೆ.

ಆಟ ಹೀಗಿದೆ

ನೋಡಲು ಬಂದ ಜನರಲ್ಲಿ ನಾಲ್ವರನ್ನು ಹೆಸರು ಹಿಡಿದು ಕರೆಯುತ್ತಾರೆ. ಒಂದು ಸಾಮಾನು ತೋರಿಸುತ್ತಾರೆ. ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ಬೆಲೆ ಹೇಳಬೇಕು. ನಿಜವಾದ ಬೆಲೆಗೆ ಹತ್ತಿರ ಹೇಳಿದವರು ಗೆದ್ದರು. ಆದರೆ ಒಂದು ಕಟ್ಟು ಇದೆ. ನಿಜವಾದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಹೇಳಬಾರದು.

ಒಂದು ಕುಕ್ಕರ್ ಇದೆ ಅನ್ನಿ. ಅದರ ಬೆಲೆ 1,850 ರೂಪಾಯಿ. ಮೊದಲಿನಾಕಿ 1,500 ಅಂದಳು. ಎರಡನೆಯಾಕಿ 2,000 ಅಂದಳು. ಮೂರನೆಯಾಕಿ 1,700 ಅಂದಳು. ಕೊನೆಯಾಕಿ ವಿಚಾರ ಮಾಡಿ 1,701 ಅಂದಳು. ಗೆದ್ದವಳು ಕೊನೆಯಾಕಿ! ಎರಡನೆಯಾಕಿ ಹೆಚ್ಚು ಹೇಳಿ ಸೋತಳು. ಮೂರನೆಯಾಕಿ ಒಂದೇ ರೂಪಾಯಿಯಲ್ಲಿ ಸೋತಳು. ಎಲ್ಲರ ಮಾತು ಕೇಳಿ ಕೊನೆಗೆ ಹೇಳುವವರಿಗೆ ಲಾಭ ಹೆಚ್ಚು. ನಾಲ್ವರೂ ಹೆಚ್ಚು ಹೇಳಿದರೆ ಮತ್ತೆ ಮೊದಲಿನಿಂದ ಹೇಳಬೇಕು.

ಬಹುಮಾನ ಪುಕ್ಕಟೆ ಯಾಕೆ ಕೊಡುತ್ತಾರೆ? ಸಾಮಾನಿನ ಹೆಸರು ಲಕ್ಷ ಲಕ್ಷ ಜನರಿಗೆ ತಿಳಿಯುತ್ತದೆ. ಕಂಪನಿಗೆ ಅದೇ ಜಾಹೀರಾತು.

ಗೆಲ್ಲುವವರು ಯಾರು?

ದಿನಾ ಕೊಳ್ಳುವವರಿಗೆ ಬೆಲೆ ಗೊತ್ತಿರುತ್ತದೆ. ನಮ್ಮ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಖಾದಿಯ ಬೆಲೆಯನ್ನು ಮಗ್ಗದ ಮೇಲೆ ಕೂತವಳಿಗೆ ಕೇಳಿ ನೋಡಿ. ಅವಳ ಊಹೆ ಬಹಳ ತಪ್ಪಲಿಕ್ಕಿಲ್ಲ.

2008ರಲ್ಲಿ ಅಮೆರಿಕದ ಒಬ್ಬ ಆಟಗಾರ ಕೊನೆಯ ಸುತ್ತಿನಲ್ಲಿ 23,743 ಡಾಲರ್ ಎಂದ. ನಿಜವಾದ ಬೆಲೆಯೂ ಅಷ್ಟೇ ಇತ್ತು! ತಾನೂ ತನ್ನ ಹೆಂಡತಿಯೂ ಮನೆಯಲ್ಲಿ ಈ ಆಟ ನೋಡಿ ನೋಡಿ ಬೆಲೆ ನೆನಪಿಟ್ಟಿದ್ದೆವು ಎಂದು ಅವನು ಹೇಳಿದ.

ನಾವೂ ಆಡಿದೆವು

ನಮ್ಮ ಕಲಿಕಾ ಕೇಂದ್ರದಲ್ಲಿಯೂ ಒಂದು ಸಂಜೆ ಈ ಆಟ ಆಡಿದೆವು. ಒಂದು ಚಹಾಪುಡಿ ಪಾಕೀಟು ಇಟ್ಟೆ. ಒಬ್ಬ ತಾಯಿ “130” ಅಂದರು. ಪಾಕೀಟಿನ ಮೇಲೆ 120 ಇತ್ತು. ತಾಯಿ ಸೋತರು. ಸುಮ್ಮನೆ ಕೂತರು. ಆಮೇಲೆ ಹೇಳಿದರು, “ಅಕ್ಕೋರ, ನಾ ಇದಕ್ಕ 130 ಕೊಟ್ಟs ತರತೇನ್ರಿ. ಓದಾಕ ಬರತಿದ್ದಿಲ್ಲ. ಅವರು ಕೇಳಿದಷ್ಟು ಕೊಟ್ಟೆ.”

ಆ ಮಾತು ಕೇಳಿ ಎಲ್ಲರೂ ತಮ್ಮ ತಮ್ಮ ಚೀಲ ತೆಗೆದರು. ಸಾಬೂನು, ಎಣ್ಣೆ, ಬಿಸ್ಕೀಟು, ಎಲ್ಲದರ ಮೇಲಿನ ಅಂಕಿ ಓದತೊಡಗಿದರು.

ಪಾಕೀಟಿನ ಮೇಲೆ ‘ಎಂ.ಆರ್.ಪಿ.’ ಎಂದು ಅಚ್ಚು ಹಾಕಿರುತ್ತಾರೆ. ಇದು ಗರಿಷ್ಠ ಮಾರಾಟ ಬೆಲೆ. ತೆರಿಗೆಯೆಲ್ಲ ಇದರಲ್ಲಿ ಸೇರಿದೆ. ಅಂಗಡಿಯವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬಹುದು. ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಟಿ.ವಿ. ಆಟದ ಕಟ್ಟೂ ಇದೇ, ಅಲ್ಲವೇ? ಹೆಚ್ಚು ಹೇಳಿದವರು ಸೋತರು!

ಹೆಚ್ಚು ಕೇಳಿದರೆ ಅಂಕಿ ತೋರಿಸಿ. ರಸೀದಿ ಕೇಳಿ. ಆಗಲೂ ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ತೂಗಿ ಕೊಡುವ ಕಾಯಿಪಲ್ಲೆ, ಕಾಳುಕಡಿಗೆ ಅಚ್ಚಿನ ಬೆಲೆ ಇರುವುದಿಲ್ಲ. ಅದಕ್ಕೆ ನಾಲ್ಕು ಕಡೆ ಕೇಳಿ ಕೊಳ್ಳಬೇಕು.

ಆಟದಲ್ಲಿ ಬೆಲೆ ಊಹಿಸೋಣ. ಅಂಗಡಿಯಲ್ಲಿ ಬೆಲೆ ಓದೋಣ.

ಉತ್ತರ ಹೇಳಿ

1. ಸಾಬೂನಿನ ಬೆಲೆ 45 ರೂಪಾಯಿ. ನಾಲ್ವರು 38, 44, 46, 50 ಎಂದರು. ಗೆದ್ದವರು ಯಾರು? ಯಾಕೆ?
2. ನಿಮ್ಮ ಮನೆಯ ಮೂರು ಪಾಕೀಟಿನ ಎಂ.ಆರ್.ಪಿ. ಓದಿ ಬರೆಯಿರಿ. ನೀವು ಕೊಟ್ಟದ್ದು ಎಷ್ಟು?