ನಲವತ್ತು ಡಿಗ್ರಿಯಲ್ಲಿ ಗ್ರಾಫಿಕ್ಸ್

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಊರು ಯಾವುದೆಂದು ಕೇಳಿದರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಅಲ್ಲಿನ ಬೇಸಿಗೆಯ ಬಗ್ಗೆ ಯಾರೂ ಕೇಳುವುದಿಲ್ಲ. ಪಾದರಸ 40 ಡಿಗ್ರಿಯ ಆಸುಪಾಸಿಗೆ ಬಂದು ನಿಂತ ಏಪ್ರಿಲ್ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೆ ಕಂಪ್ಯೂಟರ್ ಓಡಿಸುವುದು ಭೌತವಿಜ್ಞಾನದ ಒಂದು ಒಳ್ಳೆಯ ಲೆಕ್ಕ.

ಪ್ರೊಸೆಸರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಆ ಶಾಖ ಎಷ್ಟು ಬೇಗ ಹೊರಹೋಗುತ್ತದೆ ಎಂಬುದು ಚಿಪ್‌ಗೂ ಕೋಣೆಯ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿದೆ. ಇಂದಿನ ಬಹುತೇಕ ಚಿಪ್‌ಗಳು 95ರಿಂದ 100 ಡಿಗ್ರಿಯ ಹತ್ತಿರ ಹೋದೊಡನೆ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. 95 ಎಂದೇ ಇಟ್ಟುಕೊಳ್ಳಿ. 25 ಡಿಗ್ರಿಯ ಎಸಿ ಕೋಣೆಯಲ್ಲಿ ಅಂತರ 70. ನಾಯಕನಹಟ್ಟಿಯ ಮಧ್ಯಾಹ್ನದಲ್ಲಿ 55. ಅದೇ ಫ್ಯಾನ್, ಅದೇ ಹೀಟ್‌ಸಿಂಕ್. ಹೊರಹಾಕಬಹುದಾದ ಶಾಖ ಮಾತ್ರ ಐದರಲ್ಲೊಂದು ಪಾಲು ಕಡಿಮೆ.

ಹಾಗೆಂದು ವೇಗವೂ ಐದರಲ್ಲೊಂದು ಪಾಲು ಬೀಳುವುದಿಲ್ಲ. ಟ್ರಾನ್ಸಿಸ್ಟರ್‌ಗಳು ಕೆಲಸಕ್ಕೆ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಗಡಿಯಾರದ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಇಳಿದರೆ ವೋಲ್ಟೇಜನ್ನೂ ಇಳಿಸಬಹುದು. ಎರಡನ್ನೂ ಶೇ 20ರಷ್ಟು ಇಳಿಸಿದರೆ ವಿದ್ಯುತ್ತು ಸರಿಸುಮಾರು ಅರ್ಧಕ್ಕೆ ಬರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ, ಐದರಲ್ಲೊಂದು ಪಾಲು ಶಾಖ ಕಡಿಮೆ ಮಾಡಲು ವೇಗದಲ್ಲಿ ಬಿಟ್ಟುಕೊಡಬೇಕಾದದ್ದು ಶೇ 7-8 ಅಷ್ಟೇ. ಇದು ಆದರ್ಶದ ಲೆಕ್ಕ ನಿಜ. ಬಿಸಿಯಾದಂತೆ ಸುಮ್ಮನೆ ಸೋರಿಹೋಗುವ ಕರೆಂಟೂ ಹೆಚ್ಚುವುದರಿಂದ ನಷ್ಟ ಇನ್ನಷ್ಟು ಇರುತ್ತದೆ. ಆದರೂ ಚಿಪ್ಪಿನ ಕೊನೆಯ ಕೆಲವು ಮೆಗಾಹರ್ಟ್ಸ್‌ಗೆ ನಾವು ತೆರುವ ಬೆಲೆ ಎಂಥದ್ದು ಎನ್ನುವುದು ಇದರಿಂದ ತಿಳಿಯುತ್ತದೆ.

ಗ್ರಾಫಿಕ್ಸ್ ಘಟಕ ಈ ಸೂತ್ರದ ಲಾಭವನ್ನು ಚೆನ್ನಾಗಿ ಪಡೆಯುತ್ತದೆ. ಅದರಲ್ಲಿ ನೂರಾರು ಪುಟ್ಟ ಗಣಕಗಳು ಅಕ್ಕಪಕ್ಕ ಕೂತು, ಕಡಿಮೆ ವೇಗದಲ್ಲಿ, ಒಟ್ಟಿಗೆ ಕೆಲಸ ಮಾಡುತ್ತವೆ. ಇಂಟೆಲ್ 2010ರ ಆರಂಭದಲ್ಲಿ ಇದನ್ನು ಪ್ರೊಸೆಸರಿನ ಪೊಟ್ಟಣದೊಳಕ್ಕೆ ತಂದಿತು. 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಎರಡೂ ಒಂದೇ ಸಿಲಿಕಾನ್ ತುಂಡಿನ ಮೇಲೆ ಬಂದವು. ಎಎಂಡಿ ಕೂಡ ಅದೇ ವರ್ಷ ಆ ಹಾದಿ ಹಿಡಿಯಿತು. 2020ರಲ್ಲಿ ಆಪಲ್‌ನ ಎಂ1 ಮೆಮೊರಿಯನ್ನೂ ಅದೇ ಪೊಟ್ಟಣಕ್ಕೆ ಸೇರಿಸಿಕೊಂಡಿತು.

ಹತ್ತಿರ ಬಂದದ್ದರಿಂದ ಏನು ಉಳಿಯಿತು? ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂಕಿಗಳು ಇದಕ್ಕೆ ಉತ್ತರ ಕೊಡುತ್ತವೆ. 45 ನ್ಯಾನೊಮೀಟರ್ ಚಿಪ್ಪಿನಲ್ಲಿ ಎರಡು ಸಂಖ್ಯೆಗಳನ್ನು ಕೂಡಲು ಸುಮಾರು 1 ಪಿಕೊಜೂಲ್ ಸಾಕು. ಹೊರಗಿನ ಮೆಮೊರಿಯನ್ನು ಒಮ್ಮೆ ಮುಟ್ಟಿ ಬರಲು ಸಾವಿರ ಪಿಕೊಜೂಲ್ ಮೀರುತ್ತದೆ. ಲೆಕ್ಕ ಮಾಡುವುದು ಅಗ್ಗ, ಹೊತ್ತು ತರುವುದೇ ದುಬಾರಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾಹಿತಿಯನ್ನು ಒಂದು ಮೆಮೊರಿಯಿಂದ ಇನ್ನೊಂದಕ್ಕೆ ಸಾಗಿಸಬೇಕು, ಎರಡೂ ಕಡೆ ಮೆಮೊರಿಯನ್ನು ಎಚ್ಚರವಾಗಿಡಬೇಕು. ಏನೂ ಕೆಲಸವಿಲ್ಲದೆ ಕೂತ ಕಾರ್ಡ್ ಕೂಡ ಹತ್ತು-ಹದಿನೈದು ವ್ಯಾಟ್ ಕುಡಿಯುತ್ತಿರುತ್ತದೆ.

ಪಹಣಿ ಮುದ್ರಿಸುವ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ತುಂಬುವ ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿಗೆ ಹೆಚ್ಚು ಹೊತ್ತು ಕಾಯುವುದೇ ಕೆಲಸ. ಪಾಠದ ವಿಡಿಯೊ ಹಚ್ಚಿದರೂ ಅದನ್ನು ಬಿಡಿಸಲೆಂದೇ ಚಿಪ್ಪಿನೊಳಗೆ ಒಂದು ಪುಟ್ಟ ಮೀಸಲು ಭಾಗವಿದೆ. ಉಳಿದವು ನಿದ್ದೆ ಹೋಗಬಹುದು. ಕರೆಂಟು ಹೋದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾಮಾನ್ಯ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್. 300 ವ್ಯಾಟ್ ಎಳೆಯುವ ಗೇಮಿಂಗ್ ಯಂತ್ರಕ್ಕೆ ಕಾಗದದ ಮೇಲೆ 17 ನಿಮಿಷ. ಮಾನಿಟರೂ ಸೇರಿ 60 ವ್ಯಾಟಿನ ಪುಟ್ಟ ಪಿಸಿಗೆ 84 ನಿಮಿಷ. ವಾಸ್ತವದಲ್ಲಿ ಎರಡೂ ಕಡಿಮೆಯೇ. ಬೇಗ ಹಿಂಡಿದಷ್ಟೂ ಲೆಡ್-ಆಸಿಡ್ ಬ್ಯಾಟರಿ ಕಡಿಮೆ ಕೊಡುವುದರಿಂದ ದೊಡ್ಡ ಯಂತ್ರದ ಪಾಡು ಇನ್ನೂ ಕಷ್ಟ.

ಕೂಡಿ ಇರುವುದಕ್ಕೆ ತೊಡಕೂ ಉಂಟು. ಒಂದೇ ಬೋರ್‌ವೆಲ್‌ನಿಂದ ಎರಡು ಹೊಲಕ್ಕೆ ನೀರು ಬಿಟ್ಟ ಹಾಗೆ, ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಮೆಮೊರಿಯ ಮೇಲೆ ಬದುಕುತ್ತವೆ. ಡಿಡಿಆರ್4-3200 ರ‍್ಯಾಮ್ ಪಟ್ಟಿ ಒಂದಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್, ಜೋಡಿಯಾಗಿ ಹಾಕಿದರೆ 51.2. ಆರ್‌ಟಿಎಕ್ಸ್ 3060 ಕಾರ್ಡ್‌ಗೆ ಅದರದೇ ಮೆಮೊರಿಯಿಂದ ಸಿಗುವುದು 360. ದೊಡ್ಡ ಆಟಗಳಲ್ಲಿ ಹೀಗೆ ಪ್ರೊಸೆಸರಿನ ಜೊತೆಗೇ ಕೂಡಿರುವ ‘ಇಂಟಿಗ್ರೇಟೆಡ್’ ಗ್ರಾಫಿಕ್ಸ್ ಮುಗ್ಗರಿಸಲು ಮುಖ್ಯ ಕಾರಣಗಳಲ್ಲೊಂದು ಈ ನೀರಿನ ಬರ.

ಆದ್ದರಿಂದ ಇಂಟಿಗ್ರೇಟೆಡ್ ಎಂದರೆ ಯಾವಾಗಲೂ ಮಿತವ್ಯಯ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ಆ ಕಾರ್ಡ್ 170 ವ್ಯಾಟ್ ತಿಂದರೂ, ಮೂರು ಆಯಾಮದ ಚಿತ್ರವನ್ನೋ ಎಐ ಮಾದರಿಯನ್ನೋ ಹತ್ತು ಪಟ್ಟು ಬೇಗ ಮುಗಿಸಿದರೆ ಒಟ್ಟು ಶಕ್ತಿ ಕಡಿಮೆಯೇ ಖರ್ಚಾದೀತು. ನೋಡಬೇಕಾದ್ದು ವ್ಯಾಟ್ ಅಲ್ಲ, ಒಂದು ಕೆಲಸ ಮುಗಿಯಲು ತಗಲಿದ ಜೂಲ್. ಮಾಡಿದಷ್ಟು ನೀಡು ಭಿಕ್ಷೆ ಎಂದ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಯಕನಹಟ್ಟಿಯ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಶಾಲಾ-ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಜೂಲಿನ ಈ ಲೆಕ್ಕವನ್ನು ಕೈಯಾರೆ ಮಾಡಿ ತೋರಿಸಿದವರು ಅದೇ ಸಂಸ್ಥೆಯ ಬೆಂಗಳೂರಿನ ಅಧ್ಯಾಪಕರು. ಎನ್‌ಕೋರ್ ಕಂಪನಿಯ ಜೊತೆ ಸೇರಿ 2001ರಲ್ಲಿ ಅವರು ಹೊರತಂದ, ಅಂಗೈಯಲ್ಲಿ ಹಿಡಿಯಬಹುದಾದ ಸಿಂಪ್ಯೂಟರ್‌ನಲ್ಲಿ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು. ಪರದೆ ನಡೆಸುವ ಭಾಗ ಆ ಚಿಪ್ಪಿನೊಳಗೇ, ಚಿತ್ರ ನಿಲ್ಲುತ್ತಿದ್ದುದು ಮುಖ್ಯ ಮೆಮೊರಿಯಲ್ಲೇ. ಇಡೀ ಯಂತ್ರ ಓಡಲು ಮೂರು ಎಎಎ ಬ್ಯಾಟರಿ ಸಾಕಾಗಿತ್ತು. ಕರ್ನಾಟಕದ ಭೂದಾಖಲೆ ಕೆಲಸದಲ್ಲೂ ಅದು ಬಳಕೆಯಾಯಿತು. ಮಾರುಕಟ್ಟೆ ಮಾತ್ರ ಕೈಹಿಡಿಯಲಿಲ್ಲ.

ಈಗ ಅದೇ ಏರ್ಪಾಡು ಏಣಿಯ ತುತ್ತತುದಿಯಲ್ಲೂ ಕಾಣುತ್ತಿದೆ. 2024ರ ನವೆಂಬರಿನಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿಕೊಂಡ ಅಮೆರಿಕದ ಎಲ್ ಕ್ಯಾಪಿಟನ್‌ನಲ್ಲಿರುವುದು ಎಎಂಡಿಯ ಎಂಐ300ಎ. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಂದೇ ಪೊಟ್ಟಣದಲ್ಲಿದ್ದು 128 ಗಿಗಾಬೈಟ್ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಬರ ನೀಗಲೆಂದು ಆ ಮೆಮೊರಿಯನ್ನು ಚಿಪ್ಪಿನ ಬದಿಗೇ ಪೇರಿಸಿ, ಸೆಕೆಂಡಿಗೆ 5.3 ಟೆರಾಬೈಟ್ ಹರಿಯುವಂತೆ ಮಾಡಿದ್ದಾರೆ. ಅಷ್ಟು ದುಡ್ಡು ಎಲ್ಲರ ಬಳಿಯೂ ಇರುವುದಿಲ್ಲ. ಚಳ್ಳಕೆರೆಯ ಅಂಗಡಿಯಲ್ಲಿ ಪಿಸಿ ಜೋಡಿಸಿಕೊಳ್ಳುವವರು 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಕೇಳಿ ಪಡೆದರೆ, ಹೆಚ್ಚುಕಡಿಮೆ ಅದೇ ಬೆಲೆಗೆ ಮೆಮೊರಿಯ ಹರಿವು ಎರಡರಷ್ಟಾಗುತ್ತದೆ.